ಬಿ. ಜಯಶ್ರೀ: ರಂಗದಲ್ಲಿ ಪಳಗಿದ ದನಿ

ನಟಿ, ನಿರ್ದೇಶಕಿ, ಗಾಯಕಿ, ಕಂಠದಾನ ಕಲಾವಿದೆ ಎಂದು ಬಿ. ಜಯಶ್ರೀ ಅವರನ್ನು ಬಿಡಿಬಿಡಿಯಾಗಿ ಪರಿಚಯಿಸುವುದು ರೂಢಿ. ಆದರೆ ಈ ಎಲ್ಲ ಕೆಲಸಗಳ ಬೇರು ಒಂದೇ: ಕಂಪನಿ ನಾಟಕದ ದನಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು ಅವರು. ಅಲ್ಲಿ ನಟರು ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಉಸಿರು ಕಡಿಯದೆ ದಾಟಬೇಕಿತ್ತು. ಕೊನೆಯ ಸಾಲಿನಲ್ಲಿ ಕೂತವರಿಗೂ ಒಂದೊಂದು ಅಕ್ಷರ ಕೇಳಿಸಬೇಕಿತ್ತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಬಳಿ ಕಲಿತು 1973ರಲ್ಲಿ ಹೊರಬಂದ ಮೇಲೂ ಅವರು ಆ ಗಾಯನವನ್ನು ಹಳತೆಂದು ಬಿಡಲಿಲ್ಲ. 1976ರಲ್ಲಿ ಕಟ್ಟಿದ ‘ಸ್ಪಂದನ’ ತಂಡದ ‘ಕರಿಮಾಯಿ’, ‘ಲಕ್ಷಾಪತಿ ರಾಜನ ಕಥೆ’ಗಳಲ್ಲಿ ಹಾಡೇ ಕಥೆಯನ್ನು ಹೊತ್ತು ನಡೆಸುತ್ತದೆ.

‘ನಾಗಮಂಡಲ’ದಂಥ (1997) ಚಿತ್ರಗಳಲ್ಲಿ ನಟಿಸಿದ ಜಯಶ್ರೀ ಅವರು ಮಾಧವಿ, ಅಂಬಿಕಾ, ಗಾಯತ್ರಿ ಮೊದಲಾದ ನಟಿಯರಿಗೆ ದನಿಯನ್ನೂ ಕೊಟ್ಟರು. ಮುಖ ಕಾಣದ ಈ ದುಡಿಮೆ ಹೊಟ್ಟೆಪಾಡಿನದು, ಅಭಿನಯದ ಲೆಕ್ಕಕ್ಕೆ ಬಾರದು ಎಂಬ ಆಕ್ಷೇಪವುಂಟು. ಅದನ್ನು ಒಪ್ಪಲಾಗದು. ಡಬ್ಬಿಂಗ್ ಕೋಣೆಯಲ್ಲಿ ಪರದೆಯ ಮೇಲಿನ ತುಟಿಗಳನ್ನೇ ನೋಡುತ್ತ, ಇನ್ನೊಬ್ಬರ ಉಸಿರಿನ ಅಳತೆಯಲ್ಲೇ ನಗಬೇಕು, ಬಿಕ್ಕಬೇಕು. ಕಣ್ಣು, ಕೈ, ನಡಿಗೆ ಯಾವುದೂ ನೆರವಿಗೆ ಬರುವುದಿಲ್ಲ. ಇಷ್ಟೊಂದು ಕಡೆ ಹರಡಿಕೊಂಡರೆ ಆಳ ತಪ್ಪುತ್ತದೆ ಎನ್ನುವವರು ‘ನನ್ನ ಪ್ರೀತಿಯ ಹುಡುಗಿ’ (2001) ಚಿತ್ರದಲ್ಲಿ ಅವರು ಹಾಡಿದ ಕಾರಿನ ಹಾಡನ್ನು ಕೇಳಬೇಕು: ಆ ಲವಲವಿಕೆ, ಅಕ್ಷರಗಳ ಆ ಖಚಿತತೆ ನಾಟಕದ ಮಾತುಗಾರಿಕೆಯಿಂದಲೇ ಬಂದದ್ದು. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (1996), ಪದ್ಮಶ್ರೀ (2013) ಪಡೆದ ರಂಗಕರ್ಮಿಯಾಗಿ ಅವರನ್ನು ನಾಡು ಬಲ್ಲದು. ಪರದೆಯ ಹಿಂದಿನ ಆ ದನಿಗೂ ಅಷ್ಟೇ ಗೌರವ ಸಲ್ಲಬೇಕು.