ಮಿನಿಯಾಪೊಲಿಸ್ ಪೊಲೀಸ್ ಅನುದಾನ ಮತ್ತು ನಗರ ಸನ್ನದು ತಿದ್ದುಪಡಿ ವಿವಾದ

ಮಿನಿಯಾಪೊಲಿಸ್ ಪೊಲೀಸ್ ಅನುದಾನ ಮತ್ತು ನಗರ ಸನ್ನದು ತಿದ್ದುಪಡಿ ವಿವಾದವು ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ೨೦೨೦ ಮತ್ತು ೨೦೨೧ರಲ್ಲಿ ನಡೆದ ರಾಜಕೀಯ ಹಾಗೂ ಕಾನೂನು ಸಂಘರ್ಷವಾಗಿದೆ. ೨೦೨೦ರ ಮೇ ೨೫ರಂದು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ವ್ಯಕ್ತಿಯು ಪೊಲೀಸ್ ಅಧಿಕಾರಿಯ ಕೈಯಲ್ಲಿ ಮೃತಪಟ್ಟ ನಂತರ, ನಗರದ ಪೊಲೀಸ್ ಇಲಾಖೆಯನ್ನು ವಿಸರ್ಜಿಸಿ ಅದರ ಸ್ಥಾನದಲ್ಲಿ ಹೊಸ ಸಾರ್ವಜನಿಕ ಸುರಕ್ಷತಾ ವ್ಯವಸ್ಥೆಯನ್ನು ರೂಪಿಸಬೇಕೆಂದು ನಗರ ಪರಿಷತ್ತಿನ ಬಹುಪಾಲು ಸದಸ್ಯರು ಘೋಷಿಸಿದರು. ಆದರೆ ನಗರದ ಸನ್ನದು, ಮೇಯರ್ ಅವರ ವೀಟೊ ಅಧಿಕಾರ, ನ್ಯಾಯಾಲಯದ ಆದೇಶಗಳು ಮತ್ತು ಕೊನೆಗೆ ಮತದಾರರ ತೀರ್ಪು ಈ ಪ್ರಯತ್ನಕ್ಕೆ ತಡೆಯಾದವು. ೨೦೨೧ರ ನವೆಂಬರ್ ೨ರಂದು ನಡೆದ ಮತದಾನದಲ್ಲಿ ಸನ್ನದಿನ ತಿದ್ದುಪಡಿಯು ಸುಮಾರು ಶೇ. ೫೬ಕ್ಕೆ ೪೪ರ ಅಂತರದಲ್ಲಿ ತಿರಸ್ಕೃತವಾಯಿತು. ಸ್ಥಳೀಯ ಸರ್ಕಾರವೊಂದು ಪೊಲೀಸ್ ವೆಚ್ಚವನ್ನು ಎಷ್ಟರ ಮಟ್ಟಿಗೆ ಬದಲಾಯಿಸಬಲ್ಲದು ಎಂಬ ಚರ್ಚೆಯಲ್ಲಿ ಈ ಪ್ರಕರಣವನ್ನು ಆಗಾಗ ಉಲ್ಲೇಖಿಸಲಾಗುತ್ತದೆ.

ಹಿನ್ನೆಲೆ

ಭಾರತದಲ್ಲಿ ಪೊಲೀಸ್ ವ್ಯವಸ್ಥೆಯು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಗೆ ಸೇರಿದೆ. ನಗರಪಾಲಿಕೆಗಳಿಗೆ ಪೊಲೀಸರ ಮೇಲೆ ಅಧಿಕಾರವಿಲ್ಲ. ಅಮೆರಿಕದಲ್ಲಿ ಇದಕ್ಕೆ ಭಿನ್ನವಾಗಿ ಬಹುತೇಕ ನಗರಗಳು ತಮ್ಮದೇ ಪೊಲೀಸ್ ಇಲಾಖೆಯನ್ನು ಹೊಂದಿದ್ದು, ಅದರ ವೇತನ, ನೇಮಕಾತಿ ಮತ್ತು ಸಲಕರಣೆಗಳ ವೆಚ್ಚವನ್ನು ನಗರದ ವಾರ್ಷಿಕ ಆಯವ್ಯಯದಿಂದಲೇ ಭರಿಸುತ್ತವೆ. ಈ ಕಾರಣದಿಂದ ಪೊಲೀಸರಿಗೆ ಎಷ್ಟು ಹಣ ಕೊಡಬೇಕು ಎಂಬುದು ಅಲ್ಲಿ ಚುನಾಯಿತ ನಗರ ಪರಿಷತ್ತುಗಳ ಮುಂದೆ ಪ್ರತಿವರ್ಷ ಬರುವ ಪ್ರಶ್ನೆಯಾಗಿದೆ.

ಮಿನಿಯಾಪೊಲಿಸ್ ನಗರದ ಆಡಳಿತವು ೧೯೨೦ರಲ್ಲಿ ಅಂಗೀಕೃತವಾದ ಸನ್ನದಿಗೆ ಅನುಗುಣವಾಗಿ ನಡೆಯುತ್ತದೆ. ಸನ್ನದು ನಗರದ ಮಟ್ಟಿಗೆ ಸಂವಿಧಾನದಂತಹ ದಾಖಲೆಯಾಗಿದ್ದು, ಪರಿಷತ್ತಿನ ಸಾಮಾನ್ಯ ನಿರ್ಣಯಗಳು ಅದನ್ನು ಮೀರುವಂತಿಲ್ಲ. ಪೊಲೀಸರಿಗೆ ಸಂಬಂಧಿಸಿದಂತೆ ಅದರಲ್ಲಿದ್ದ ಎರಡು ಅಂಶಗಳು ಈ ವಿವಾದದ ಕೇಂದ್ರಬಿಂದುವಾದವು.

• ಪೊಲೀಸ್ ಇಲಾಖೆಯ ಸ್ಥಾಪನೆ, ನಿರ್ವಹಣೆ ಮತ್ತು ಆಜ್ಞಾಧಿಕಾರ ಸಂಪೂರ್ಣವಾಗಿ ಮೇಯರ್ ಅವರಿಗೆ ಸೇರಿದ್ದಾಗಿತ್ತು. ಪರಿಷತ್ತಿಗೆ ಹಣ ಮಂಜೂರು ಮಾಡುವ ಅಧಿಕಾರವಿತ್ತೇ ಹೊರತು ಪೊಲೀಸರು ಹೇಗೆ ಕೆಲಸ ಮಾಡಬೇಕೆಂದು ಆದೇಶಿಸುವ ಅಧಿಕಾರವಿರಲಿಲ್ಲ.
• ೧೯೬೧ರಲ್ಲಿ ಸೇರಿಸಲಾದ ನಿಯಮದಂತೆ, ಪ್ರತಿ ನಿವಾಸಿಗೆ ೦.೦೦೧೭ರಷ್ಟು, ಅಂದರೆ ಪ್ರತಿ ಸಾವಿರ ಜನರಿಗೆ ೧.೭ರಷ್ಟು ಪೊಲೀಸ್ ಸಿಬ್ಬಂದಿಗೆ ಸಾಲುವ ಹಣವನ್ನು ಪರಿಷತ್ತು ಕಡ್ಡಾಯವಾಗಿ ಒದಗಿಸಬೇಕಾಗಿತ್ತು.

೨೦೨೦ರಲ್ಲಿ ಇಲಾಖೆಯ ವಾರ್ಷಿಕ ಆಯವ್ಯಯವು ಸುಮಾರು ೧೯.೩ ಕೋಟಿ ಡಾಲರ್‌ಗಳಷ್ಟಿದ್ದು, ಮಂಜೂರಾದ ಅಧಿಕಾರಿಗಳ ಸಂಖ್ಯೆ ೮೮೮ ಆಗಿತ್ತು.

ಜಾರ್ಜ್ ಫ್ಲಾಯ್ಡ್ ಸಾವು ಮತ್ತು ತತ್‌ಕ್ಷಣದ ಕ್ರಮಗಳು

೨೦೨೦ರ ಮೇ ೨೫ರಂದು ನಗರದ ೩೮ನೇ ಬೀದಿ ಮತ್ತು ಚಿಕಾಗೊ ಅವೆನ್ಯೂ ಸೇರುವ ಸ್ಥಳದಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್ ಒಂಬತ್ತು ನಿಮಿಷಗಳಿಗೂ ಹೆಚ್ಚು ಕಾಲ ಫ್ಲಾಯ್ಡ್ ಅವರ ಕತ್ತಿನ ಮೇಲೆ ಮಂಡಿಯೂರಿದ್ದರಿಂದ ಅವರು ಮೃತಪಟ್ಟರು. ದಾರಿಹೋಕರೊಬ್ಬರು ಚಿತ್ರೀಕರಿಸಿದ ದೃಶ್ಯವು ಪ್ರಪಂಚದಾದ್ಯಂತ ಪ್ರಸಾರವಾಗಿ ವ್ಯಾಪಕ ಪ್ರತಿಭಟನೆಗಳಿಗೆ ಕಾರಣವಾಯಿತು. ಮೇ ೨೮ರ ರಾತ್ರಿ ನಗರದ ಮೂರನೇ ಪೊಲೀಸ್ ವಿಭಾಗದ ಕಟ್ಟಡಕ್ಕೆ ಬೆಂಕಿ ಹಚ್ಚಲಾಯಿತು.

ಮೊದಲ ನಿರ್ಧಾರಗಳು ನಗರ ಪರಿಷತ್ತಿನ ಹೊರಗಿನ ಸಂಸ್ಥೆಗಳಿಂದ ಬಂದವು. ಮಿನ್ನೆಸೋಟ ವಿಶ್ವವಿದ್ಯಾಲಯವು ಪೊಲೀಸ್ ಇಲಾಖೆಯೊಂದಿಗಿನ ತನ್ನ ವ್ಯವಹಾರವನ್ನು ಮಿತಿಗೊಳಿಸಿತು. ಜೂನ್ ೨ರಂದು ನಗರದ ಸಾರ್ವಜನಿಕ ಶಾಲಾ ಮಂಡಳಿಯು ಶಾಲೆಗಳಲ್ಲಿ ಪೊಲೀಸರನ್ನು ನಿಯೋಜಿಸುವ ಒಪ್ಪಂದವನ್ನು ಸರ್ವಾನುಮತದಿಂದ ಕೊನೆಗೊಳಿಸಿತು. ಚುನಾಯಿತ ಉದ್ಯಾನ ಮಂಡಳಿಯೂ ಇದೇ ದಾರಿ ಹಿಡಿಯಿತು. ಜೂನ್ ೫ರಂದು ಪರಿಷತ್ತು ರಾಜ್ಯದ ಮಾನವ ಹಕ್ಕುಗಳ ಇಲಾಖೆಯೊಂದಿಗಿನ ಒಪ್ಪಂದವನ್ನು ಅಂಗೀಕರಿಸಿತು. ಇದರಂತೆ ಕತ್ತು ಹಿಸುಕುವ ಮತ್ತು ಕತ್ತಿನ ಮೇಲೆ ಒತ್ತಡ ಹೇರುವ ವಿಧಾನಗಳನ್ನು ನಿಷೇಧಿಸಲಾಯಿತು. ಸಹೋದ್ಯೋಗಿಯು ಅನುಚಿತ ಬಲಪ್ರಯೋಗ ಮಾಡುವುದನ್ನು ಕಂಡ ಅಧಿಕಾರಿಯು ಮಧ್ಯೆ ಪ್ರವೇಶಿಸಿ ತಡೆಯಬೇಕು ಮತ್ತು ವರದಿ ಮಾಡಬೇಕು ಎಂಬ ನಿಯಮವನ್ನೂ ಜಾರಿಗೆ ತರಲಾಯಿತು.

ಪೌಡರ್‌ಹಾರ್ನ್ ಉದ್ಯಾನದ ಘೋಷಣೆ

೨೦೨೦ರ ಜೂನ್ ೭ರಂದು ಪೌಡರ್‌ಹಾರ್ನ್ ಉದ್ಯಾನದಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ, ಅಂದು ಅಧಿಕಾರದಲ್ಲಿದ್ದ ೧೨ ಪರಿಷತ್ ಸದಸ್ಯರ ಪೈಕಿ ಒಂಬತ್ತು ಮಂದಿ ಪೊಲೀಸ್ ಇಲಾಖೆಯನ್ನು ವಿಸರ್ಜಿಸುವ ಪ್ರಕ್ರಿಯೆಯನ್ನು ಆರಂಭಿಸುವುದಾಗಿ ಪ್ರತಿಜ್ಞೆ ಮಾಡಿದರು. ಪರಿಷತ್ತಿನ ಅಧ್ಯಕ್ಷೆ ಲೀಸಾ ಬೆಂಡರ್ ಇವರಲ್ಲಿ ಒಬ್ಬರಾಗಿದ್ದರು. ಈ ಸಂಖ್ಯೆಯು ಮೇಯರ್ ಅವರ ವೀಟೊವನ್ನು ಮೀರಲು ಸಾಕಾಗುವಷ್ಟಿತ್ತು. ಮೇಯರ್ ಜೇಕಬ್ ಫ್ರೇ ಇಲಾಖೆಯಲ್ಲಿ ಮೂಲಭೂತ ಸುಧಾರಣೆಗಳನ್ನು ಬೆಂಬಲಿಸಿದರೂ ಅದರ ವಿಸರ್ಜನೆಯನ್ನು ವಿರೋಧಿಸಿದ್ದರು. ಹಿಂದಿನ ದಿನವಷ್ಟೇ ಪ್ರತಿಭಟನಕಾರರ ಮುಂದೆ ಹಾಗೆಂದು ಹೇಳಿ ಅವರ ಆಕ್ರೋಶಕ್ಕೆ ಗುರಿಯಾಗಿದ್ದರು.

ಘೋಷಣೆಯಲ್ಲಿ ಬಳಸಿದ ಪದಗಳ ಅರ್ಥದ ಬಗ್ಗೆ ಆರಂಭದಿಂದಲೂ ಭಿನ್ನಾಭಿಪ್ರಾಯವಿತ್ತು. ಕೆಲವರು ಅದನ್ನು ಪೊಲೀಸ್ ವ್ಯವಸ್ಥೆಯ ಸಂಪೂರ್ಣ ನಿರ್ಮೂಲನೆಯೆಂದು ಅರ್ಥೈಸಿದರು. ಇನ್ನು ಕೆಲವರ ಪ್ರಕಾರ ಅದು ಮಾನಸಿಕ ಆರೋಗ್ಯ, ಮಾದಕ ವ್ಯಸನ, ವಸತಿಹೀನತೆ ಮುಂತಾದ ಸಮಸ್ಯೆಗಳ ಕರೆಗಳಿಗೆ ಪೊಲೀಸರ ಬದಲು ತರಬೇತಿ ಪಡೆದ ಇತರರನ್ನು ಕಳುಹಿಸಿ, ಅದಕ್ಕೆ ತಕ್ಕಂತೆ ಹಣವನ್ನು ವರ್ಗಾಯಿಸುವ ಯೋಜನೆಯಾಗಿತ್ತು. ಘೋಷಣೆಗೆ ಸಹಿ ಹಾಕಿದ ಕೆಲವು ಸದಸ್ಯರು ಮುಂದಿನ ತಿಂಗಳುಗಳಲ್ಲಿ ತಮ್ಮ ನಿಲುವನ್ನು ಸಡಿಲಿಸಿದರು.

ಸನ್ನದು ಆಯೋಗದ ಪಾತ್ರ

ಜೂನ್ ೨೬ರಂದು ಪರಿಷತ್ತು ೧೨–೦ ಮತಗಳಿಂದ ಸನ್ನದು ತಿದ್ದುಪಡಿಯ ಪ್ರಸ್ತಾವವನ್ನು ಮುಂದಕ್ಕೆ ಕಳುಹಿಸಿತು. ಪೊಲೀಸ್ ಇಲಾಖೆಯ ಜಾಗದಲ್ಲಿ ಸಮುದಾಯ ಸುರಕ್ಷತೆ ಮತ್ತು ಹಿಂಸಾಚಾರ ತಡೆ ಇಲಾಖೆಯನ್ನು ಸ್ಥಾಪಿಸುವುದು ಇದರ ಉದ್ದೇಶವಾಗಿತ್ತು. ಇಂತಹ ಪ್ರಸ್ತಾವವು ಮತದಾರರ ಮುಂದೆ ಹೋಗುವ ಮೊದಲು ಸನ್ನದು ಆಯೋಗದ ಪರಿಶೀಲನೆಗೆ ಒಳಪಡಬೇಕಾಗಿತ್ತು. ಈ ಆಯೋಗದ ೧೫ ಸದಸ್ಯರನ್ನು ಜಿಲ್ಲಾ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು ನೇಮಿಸುತ್ತಾರೆ.

ಆಗಸ್ಟ್ ೫ರಂದು ಆಯೋಗವು ೧೦–೫ ಮತಗಳಿಂದ ಪರಿಶೀಲನೆಗೆ ಇನ್ನೂ ೯೦ ದಿನಗಳ ಕಾಲಾವಕಾಶ ತೆಗೆದುಕೊಳ್ಳಲು ತೀರ್ಮಾನಿಸಿತು. ಪ್ರಸ್ತಾವವನ್ನು ಆತುರದಲ್ಲಿ ಸಿದ್ಧಪಡಿಸಲಾಗಿದೆ, ಸಾರ್ವಜನಿಕರ ಅಭಿಪ್ರಾಯವನ್ನು ಸಾಕಷ್ಟು ಪಡೆದಿಲ್ಲ ಎಂಬುದು ಬಹುಮತದ ಅಭಿಪ್ರಾಯವಾಗಿತ್ತು. ಇದರ ಪರಿಣಾಮವಾಗಿ ೨೦೨೦ರ ನವೆಂಬರ್ ಚುನಾವಣೆಯ ಮತಪತ್ರದಲ್ಲಿ ಪ್ರಶ್ನೆಯನ್ನು ಸೇರಿಸುವ ಗಡುವು ಮೀರಿಹೋಯಿತು. ಚುನಾಯಿತವಲ್ಲದ ಸಮಿತಿಯೊಂದು ಮತದಾರರ ಅವಕಾಶವನ್ನು ಕಸಿದುಕೊಂಡಿತು ಎಂದು ಪ್ರಸ್ತಾವದ ಬೆಂಬಲಿಗರು ಟೀಕಿಸಿದರು.

ಆಯವ್ಯಯ ನಿರ್ಧಾರಗಳು

ಸನ್ನದನ್ನು ಬದಲಿಸಲಾಗದಿದ್ದರೂ ಹಣದ ಹಂಚಿಕೆಯ ಅಧಿಕಾರವು ಪರಿಷತ್ತಿನ ಬಳಿಯೇ ಇತ್ತು. ೨೦೨೦ರ ಜುಲೈನಲ್ಲಿ ಪರಿಷತ್ತು ಪೊಲೀಸ್ ಆಯವ್ಯಯದಿಂದ ೧೧ ಲಕ್ಷ ಡಾಲರ್‌ಗಳನ್ನು ಹಿಂಸಾಚಾರ ತಡೆ ಕಾರ್ಯಕ್ಕೆ ವರ್ಗಾಯಿಸಿತು. ಈ ಕೆಲಸಕ್ಕಾಗಿ ನಗರದ ಆರೋಗ್ಯ ಇಲಾಖೆಯ ಅಡಿಯಲ್ಲಿ ೨೦೧೮ರಲ್ಲಿಯೇ ಪ್ರತ್ಯೇಕ ಕಚೇರಿಯನ್ನು ತೆರೆಯಲಾಗಿತ್ತು.

ಮುಖ್ಯ ಸಂಘರ್ಷವು ೨೦೨೧ರ ಆಯವ್ಯಯದ ಮೇಲೆ ನಡೆಯಿತು. ಮೇಯರ್ ಫ್ರೇ ಪೊಲೀಸರಿಗೆ ಸುಮಾರು ೧೭.೯ ಕೋಟಿ ಡಾಲರ್‌ಗಳನ್ನು ಪ್ರಸ್ತಾಪಿಸಿದರು. ಅದರಿಂದ ಸುಮಾರು ೮೦ ಲಕ್ಷ ಡಾಲರ್‌ಗಳನ್ನು ಮಾನಸಿಕ ಆರೋಗ್ಯ ತುರ್ತು ತಂಡಗಳಿಗೆ, ಹಿಂಸಾಚಾರ ತಡೆ ಕಾರ್ಯಕ್ರಮಗಳಿಗೆ ಮತ್ತು ಆಸ್ತಿಹಾನಿಯಂತಹ ದೂರುಗಳನ್ನು ಪೊಲೀಸೇತರ ಸಿಬ್ಬಂದಿಯಿಂದ ಸ್ವೀಕರಿಸುವ ವ್ಯವಸ್ಥೆಗೆ ವರ್ಗಾಯಿಸಲು ಪರಿಷತ್ತಿನ ಕೆಲವು ಸದಸ್ಯರು ಯೋಜನೆ ಮುಂದಿಟ್ಟರು. ೨೦೨೨ರಿಂದ ಅಧಿಕಾರಿಗಳ ಗರಿಷ್ಠ ಸಂಖ್ಯೆಯನ್ನು ೮೮೮ರಿಂದ ೭೫೦ಕ್ಕೆ ಇಳಿಸುವ ಅಂಶವೂ ಅದರಲ್ಲಿತ್ತು. ಸಂಖ್ಯೆಯನ್ನು ಇಳಿಸಿದರೆ ಇಡೀ ಆಯವ್ಯಯಕ್ಕೆ ವೀಟೊ ಹಾಕಬಹುದೆಂದು ಮೇಯರ್ ಎಚ್ಚರಿಸಿದರು. ಡಿಸೆಂಬರ್ ೧೦ರ ಮುಂಜಾನೆಯವರೆಗೆ ನಡೆದ ಸಭೆಯಲ್ಲಿ ಪರಿಷತ್ತು ೭–೬ ಮತಗಳಿಂದ ೮೮೮ರ ಗುರಿಯನ್ನೇ ಉಳಿಸಿಕೊಂಡಿತು. ೮೦ ಲಕ್ಷ ಡಾಲರ್‌ಗಳ ವರ್ಗಾವಣೆ ಅಂಗೀಕಾರವಾಯಿತು.

ಈ ಅವಧಿಯಲ್ಲಿ ಅಧಿಕಾರಿಗಳ ಸಂಖ್ಯೆಯು ಆಯವ್ಯಯದ ನಿರ್ಧಾರಕ್ಕಿಂತ ಬೇರೆ ಕಾರಣಗಳಿಂದಲೇ ವೇಗವಾಗಿ ಕುಸಿಯುತ್ತಿತ್ತು. ೨೦೨೦ರ ಘಟನೆಗಳ ನಂತರ ಅನೇಕರು ಮಾನಸಿಕ ಆಘಾತದ ಕಾರಣ ನೀಡಿ ದೀರ್ಘ ರಜೆಯ ಮೇಲೆ ತೆರಳಿದರು ಅಥವಾ ಸೇವೆಯನ್ನು ತೊರೆದರು. ಇದೇ ವೇಳೆ ನಗರದಲ್ಲಿ ಹಿಂಸಾತ್ಮಕ ಅಪರಾಧಗಳು ಹೆಚ್ಚಿದವು. ೨೦೨೧ರಲ್ಲಿ ನಡೆದ ಕೊಲೆಗಳ ಸಂಖ್ಯೆಯು ೨೦೧೯ರದಕ್ಕೆ ಹೋಲಿಸಿದರೆ ಸುಮಾರು ಇಮ್ಮಡಿಯಾಗಿತ್ತು. ೨೦೨೧ರ ಫೆಬ್ರುವರಿಯಲ್ಲಿ ಪರಿಷತ್ತು ಹೊಸ ಅಧಿಕಾರಿಗಳ ನೇಮಕಾತಿಗಾಗಿ ೬೪ ಲಕ್ಷ ಡಾಲರ್‌ಗಳನ್ನು ಸರ್ವಾನುಮತದಿಂದ ಮಂಜೂರು ಮಾಡಿತು. ಮರುತಿಂಗಳು ಫ್ಲಾಯ್ಡ್ ಅವರ ಕುಟುಂಬಕ್ಕೆ ೨.೭ ಕೋಟಿ ಡಾಲರ್‌ಗಳ ಪರಿಹಾರ ನೀಡುವ ಒಪ್ಪಂದಕ್ಕೂ ಅದು ಒಪ್ಪಿಗೆ ಕೊಟ್ಟಿತು.

ನ್ಯಾಯಾಲಯದ ಮೊಕದ್ದಮೆ

ನಗರದ ಉತ್ತರ ಭಾಗದ ಎಂಟು ಮಂದಿ ನಿವಾಸಿಗಳು ೨೦೨೦ರ ಆಗಸ್ಟ್‌ನಲ್ಲಿ ಪರಿಷತ್ತು ಮತ್ತು ಮೇಯರ್ ವಿರುದ್ಧ ಮೊಕದ್ದಮೆ ಹೂಡಿದರು. ಸನ್ನದು ವಿಧಿಸಿದ ಕನಿಷ್ಠ ಸಂಖ್ಯೆಯ ಪೊಲೀಸರನ್ನು ಒದಗಿಸಲು ನಗರವು ವಿಫಲವಾಗಿದೆ, ಅದರಿಂದ ತಮ್ಮ ನೆರೆಹೊರೆಯ ಸುರಕ್ಷತೆಗೆ ಧಕ್ಕೆಯಾಗಿದೆ ಎಂಬುದು ಅವರ ವಾದವಾಗಿತ್ತು. ೨೦೨೧ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯವು ಅವರ ಪರವಾಗಿ ಆದೇಶಿಸಿತು. ಮೇಲ್ಮನವಿ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು.

೨೦೨೨ರ ಜೂನ್ ೨೦ರಂದು ಮಿನ್ನೆಸೋಟ ಸರ್ವೋಚ್ಚ ನ್ಯಾಯಾಲಯವು ಅಂತಿಮ ವ್ಯಾಖ್ಯಾನ ನೀಡಿತು. ೨೦೨೦ರ ಜನಗಣತಿಯಂತೆ ನಗರದ ಜನಸಂಖ್ಯೆ ೪,೨೯,೯೫೪ ಆಗಿದ್ದು, ಸನ್ನದಿನ ಅನುಪಾತದಂತೆ ೭೩೧ ಅಧಿಕಾರಿಗಳು ಇರಬೇಕಾಗಿತ್ತು. ಅಷ್ಟು ಮಂದಿಗೆ ಹಣ ಒದಗಿಸುವ ತನ್ನ ಕರ್ತವ್ಯವನ್ನು ಪರಿಷತ್ತು ಪಾಲಿಸಿದೆ, ಆದರೆ ಅಷ್ಟು ಮಂದಿಯನ್ನು ನೇಮಿಸುವ ಸ್ಪಷ್ಟ ಕಾನೂನುಬದ್ಧ ಕರ್ತವ್ಯ ಮೇಯರ್ ಮೇಲಿದೆ ಎಂದು ನ್ಯಾಯಾಲಯ ಹೇಳಿತು. ಹಣ ನೀಡುವ ಮತ್ತು ನೇಮಿಸುವ ಹೊಣೆಗಳು ಬೇರೆಬೇರೆ ಎಂಬುದನ್ನು ಈ ತೀರ್ಪು ಸ್ಪಷ್ಟಪಡಿಸಿತು.

೨೦೨೧ರ ಮತದಾನ

ಪರಿಷತ್ತಿನ ಪ್ರಸ್ತಾವ ಸ್ಥಗಿತಗೊಂಡ ನಂತರ ನಾಗರಿಕ ಸಂಘಟನೆಗಳ ಒಕ್ಕೂಟವೊಂದು ಸಹಿ ಸಂಗ್ರಹದ ಮಾರ್ಗವನ್ನು ಅನುಸರಿಸಿತು. ೨೦೨೧ರ ಏಪ್ರಿಲ್‌ನಲ್ಲಿ ೨೦,೦೦೦ಕ್ಕೂ ಹೆಚ್ಚು ಸಹಿಗಳನ್ನು ಸಲ್ಲಿಸಲಾಯಿತು. ಮತಪತ್ರದಲ್ಲಿ ಎರಡನೇ ಪ್ರಶ್ನೆಯಾಗಿ ಸೇರಿದ ಈ ತಿದ್ದುಪಡಿಯ ಮುಖ್ಯ ಅಂಶಗಳು ಹೀಗಿದ್ದವು:

• ಸನ್ನದಿನಿಂದ ಪೊಲೀಸ್ ಇಲಾಖೆಯನ್ನೂ ಕನಿಷ್ಠ ಸಿಬ್ಬಂದಿಯ ನಿಯಮವನ್ನೂ ತೆಗೆದುಹಾಕುವುದು.
• ಸಾರ್ವಜನಿಕ ಆರೋಗ್ಯದ ದೃಷ್ಟಿಕೋನವುಳ್ಳ ಸಾರ್ವಜನಿಕ ಸುರಕ್ಷತಾ ಇಲಾಖೆಯನ್ನು ಸ್ಥಾಪಿಸುವುದು. ಅಗತ್ಯವಿದ್ದರೆ ಅದರಲ್ಲಿ ಪೊಲೀಸ್ ಅಧಿಕಾರಿಗಳನ್ನೂ ಸೇರಿಸಿಕೊಳ್ಳಬಹುದಾಗಿತ್ತು.
• ಇಲಾಖೆಯ ಮೇಲಿನ ಮೇಯರ್ ಅವರ ಸಂಪೂರ್ಣ ಅಧಿಕಾರವನ್ನು ಕೊನೆಗೊಳಿಸಿ, ಮೇಯರ್ ಸೂಚಿಸಿದ ಆಯುಕ್ತರನ್ನು ಪರಿಷತ್ತು ನೇಮಿಸುವುದು.

ಪ್ರಶ್ನೆಯ ಪದಜೋಡಣೆ ಮತದಾರರನ್ನು ದಾರಿ ತಪ್ಪಿಸುತ್ತದೆಯೇ ಎಂಬ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಸೆಪ್ಟೆಂಬರ್ ೧೬ರಂದು ಮತದಾನಕ್ಕೆ ಅನುಮತಿ ದೊರೆಯಿತು. ಆಡಳಿತಾರೂಢ ಡೆಮೊಕ್ರಾಟಿಕ್ ಪಕ್ಷದ ಒಳಗೇ ಈ ವಿಷಯದಲ್ಲಿ ಒಡಕು ಕಾಣಿಸಿತು. ಸಂಸದೆ ಇಲ್ಹಾನ್ ಒಮರ್ ಮತ್ತು ರಾಜ್ಯದ ಅಟಾರ್ನಿ ಜನರಲ್ ಕೀತ್ ಎಲಿಸನ್ ತಿದ್ದುಪಡಿಯನ್ನು ಬೆಂಬಲಿಸಿದರೆ, ಗವರ್ನರ್ ಟಿಮ್ ವಾಲ್ಜ್, ಸೆನೆಟರ್ ಏಮಿ ಕ್ಲೊಬುಚಾರ್ ಮತ್ತು ಮೇಯರ್ ಫ್ರೇ ವಿರೋಧಿಸಿದರು. ನಗರದ ಮೊದಲ ಕಪ್ಪು ವರ್ಣೀಯ ಪೊಲೀಸ್ ಮುಖ್ಯಸ್ಥರಾಗಿದ್ದ ಮೆಡೇರಿಯ ಅರಾಡಾಂಡೊ ಕೂಡ ವಿರೋಧ ವ್ಯಕ್ತಪಡಿಸಿದರು. ಹೊಸ ಇಲಾಖೆಯ ಸ್ವರೂಪವನ್ನು ಮೊದಲೇ ವಿವರಿಸಿಲ್ಲ ಎಂಬುದು ವಿರೋಧಿಗಳ ಪ್ರಮುಖ ಆಕ್ಷೇಪವಾಗಿತ್ತು. ಸನ್ನದಿನ ಕನಿಷ್ಠ ಸಂಖ್ಯೆಯ ನಿಯಮ ಇರುವವರೆಗೆ ಯಾವ ನಿಜವಾದ ಸುಧಾರಣೆಯೂ ಸಾಧ್ಯವಿಲ್ಲ ಎಂದು ಬೆಂಬಲಿಗರು ಪ್ರತಿಪಾದಿಸಿದರು.

ನವೆಂಬರ್ ೨ರ ಮತದಾನದಲ್ಲಿ ಸುಮಾರು ಶೇ. ೫೬ರಷ್ಟು ಮತದಾರರು ತಿದ್ದುಪಡಿಯನ್ನು ತಿರಸ್ಕರಿಸಿದರು. ಅದೇ ದಿನ ಫ್ರೇ ಮೇಯರ್ ಆಗಿ ಪುನರಾಯ್ಕೆಯಾದರು. ನಗರದ ಎಲ್ಲ ಇಲಾಖೆಗಳ ಕಾರ್ಯನಿರ್ವಾಹಕ ಅಧಿಕಾರವನ್ನು ಮೇಯರ್‌ಗೆ ಕೊಡುವ ಮತ್ತೊಂದು ತಿದ್ದುಪಡಿಯು ಅಂಗೀಕಾರವಾಯಿತು. ಹೀಗಾಗಿ ಮೇಯರ್ ಅಧಿಕಾರವನ್ನು ಕಡಿಮೆ ಮಾಡುವ ಉದ್ದೇಶದಿಂದ ಆರಂಭವಾದ ಚಳವಳಿಯ ವರ್ಷದಲ್ಲೇ ಆ ಅಧಿಕಾರವು ಇನ್ನಷ್ಟು ವಿಸ್ತಾರಗೊಂಡಿತು.

ನಂತರದ ಬೆಳವಣಿಗೆಗಳು

ತಿದ್ದುಪಡಿ ಸೋತರೂ ಅದರ ಕೆಲವು ಅಂಶಗಳು ಬೇರೆ ರೂಪದಲ್ಲಿ ಜಾರಿಗೆ ಬಂದವು. ೨೦೨೧ರ ಡಿಸೆಂಬರ್‌ನಲ್ಲಿ ಮಾನಸಿಕ ಆರೋಗ್ಯ ತುರ್ತು ಕರೆಗಳಿಗೆ ಶಸ್ತ್ರರಹಿತ ಪರಿಣತರನ್ನು ಕಳುಹಿಸುವ ತಂಡಗಳು ಕೆಲಸ ಆರಂಭಿಸಿದವು. ೨೦೨೨ರಲ್ಲಿ ಪೊಲೀಸ್, ಅಗ್ನಿಶಾಮಕ, ತುರ್ತು ಕರೆ ಮತ್ತು ಹಿಂಸಾಚಾರ ತಡೆ ವಿಭಾಗಗಳನ್ನು ಒಟ್ಟುಗೂಡಿಸಿ ಸಮುದಾಯ ಸುರಕ್ಷತಾ ಕಚೇರಿಯನ್ನು ಸ್ಥಾಪಿಸಲಾಯಿತು. ಸೆಡ್ರಿಕ್ ಅಲೆಗ್ಸಾಂಡರ್ ಅದರ ಮೊದಲ ಆಯುಕ್ತರಾದರು.

೨೦೨೨ರ ಏಪ್ರಿಲ್‌ನಲ್ಲಿ ರಾಜ್ಯದ ಮಾನವ ಹಕ್ಕುಗಳ ಇಲಾಖೆಯು ನಗರದ ಪೊಲೀಸರು ಜನಾಂಗೀಯ ತಾರತಮ್ಯದ ಮಾದರಿಯನ್ನು ಅನುಸರಿಸಿದ್ದಾರೆಂದು ವರದಿ ನೀಡಿತು. ೨೦೨೩ರಲ್ಲಿ ನಗರವು ಈ ಇಲಾಖೆಯೊಂದಿಗೆ ನ್ಯಾಯಾಲಯದ ಮೂಲಕ ಜಾರಿಗೊಳಿಸಬಹುದಾದ ಸುಧಾರಣಾ ಒಪ್ಪಂದ ಮಾಡಿಕೊಂಡಿತು. ಕೇಂದ್ರ ನ್ಯಾಯ ಇಲಾಖೆಯೊಂದಿಗಿನ ಇನ್ನೊಂದು ಒಪ್ಪಂದವನ್ನು ಪರಿಷತ್ತು ೨೦೨೫ರ ಜನವರಿಯಲ್ಲಿ ಅಂಗೀಕರಿಸಿತ್ತು. ಆದರೆ ಹೊಸ ಕೇಂದ್ರ ಸರ್ಕಾರವು ಹಿಂದೆ ಸರಿದುದರಿಂದ ಮೇ ತಿಂಗಳಲ್ಲಿ ಅದು ವಜಾಗೊಂಡಿತು. ರಾಜ್ಯದೊಂದಿಗಿನ ಒಪ್ಪಂದವು ಮುಂದುವರಿಯಿತು.

ಅಧಿಕಾರಿಗಳ ಸಂಖ್ಯೆಯು ೬೦೦ಕ್ಕಿಂತ ಕೆಳಗಿಳಿದ ಹಿನ್ನೆಲೆಯಲ್ಲಿ, ೨೦೨೪ರ ಜುಲೈನಲ್ಲಿ ಪರಿಷತ್ತು ಮೂರು ವರ್ಷಗಳ ಅವಧಿಯಲ್ಲಿ ಪೊಲೀಸರ ವೇತನವನ್ನು ಶೇ. ೨೧.೭ರಷ್ಟು ಹೆಚ್ಚಿಸುವ ಒಪ್ಪಂದವನ್ನು ೮–೪ ಮತಗಳಿಂದ ಅಂಗೀಕರಿಸಿತು.

ಇತರ ನಗರಗಳಲ್ಲಿ

ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಪರಿಷತ್ತು ೨೦೨೦ರ ಆಗಸ್ಟ್‌ನಲ್ಲಿ ಸುಮಾರು ೪೩.೪ ಕೋಟಿ ಡಾಲರ್‌ಗಳ ಪೊಲೀಸ್ ಆಯವ್ಯಯದಲ್ಲಿ ೧೫ ಕೋಟಿ ಡಾಲರ್‌ಗಳಷ್ಟನ್ನು ಕಡಿತಗೊಳಿಸುವ ಅಥವಾ ಬೇರೆ ವಿಭಾಗಗಳಿಗೆ ವರ್ಗಾಯಿಸುವ ನಿರ್ಧಾರ ಕೈಗೊಂಡಿತು. ಇದಕ್ಕೆ ಪ್ರತಿಕ್ರಿಯೆಯಾಗಿ ೨೦೨೧ರಲ್ಲಿ ರಾಜ್ಯ ಶಾಸಕಾಂಗವು, ೨,೫೦,೦೦೦ಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳು ಪೊಲೀಸ್ ಆಯವ್ಯಯವನ್ನು ಕಡಿತಗೊಳಿಸಿದರೆ ದಂಡನಾತ್ಮಕ ಆರ್ಥಿಕ ಕ್ರಮಗಳಿಗೆ ಗುರಿಯಾಗುವಂತೆ ಕಾನೂನು ರೂಪಿಸಿತು. ನಗರವು ಅನುದಾನವನ್ನು ಮರಳಿ ಹೆಚ್ಚಿಸಿತು. ಪೊಲೀಸರ ಕನಿಷ್ಠ ಸಂಖ್ಯೆಯನ್ನು ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಆಸ್ಟಿನ್ ಮತದಾರರು ೨೦೨೧ರ ನವೆಂಬರ್ ೨ರಂದೇ, ಅಂದರೆ ಮಿನಿಯಾಪೊಲಿಸ್ ಮತದಾನದ ದಿನವೇ, ಭಾರೀ ಬಹುಮತದಿಂದ ತಿರಸ್ಕರಿಸಿದರು.

ನ್ಯೂ ಜರ್ಸಿಯ ಕ್ಯಾಮ್ಡೆನ್ ನಗರವು ೨೦೧೩ರಲ್ಲಿ ತನ್ನ ಪೊಲೀಸ್ ಇಲಾಖೆಯನ್ನು ವಿಸರ್ಜಿಸಿ, ಆ ಹೊಣೆಯನ್ನು ಕೌಂಟಿ ಮಟ್ಟದ ಹೊಸ ಇಲಾಖೆಗೆ ವಹಿಸಿತ್ತು. ಇದನ್ನು ಮಿನಿಯಾಪೊಲಿಸ್ ಚರ್ಚೆಯಲ್ಲಿ ಪೂರ್ವನಿದರ್ಶನವಾಗಿ ಉಲ್ಲೇಖಿಸಲಾಯಿತು. ಆದರೆ ಅಲ್ಲಿ ವಿಸರ್ಜನೆಯ ನಂತರ ರಸ್ತೆಗಳಲ್ಲಿನ ಪೊಲೀಸರ ಸಂಖ್ಯೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.