ಎಲೆಗೊಬ್ಬರವೂ ಉಂಡೆಯಾಗುವ ಸಹಸ್ರಪದಿಯೂ

ತುರ್ವಿಹಾಳವನ್ನು ನಡುವಿಟ್ಟುಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ದಿಕ್ಕಿಗೆ ಹಬ್ಬಿರುವ ಎರೆಭೂಮಿಯಲ್ಲಿ, ತುಂಗಭದ್ರೆಯ ಎಡದಂಡೆಯ ಕಾಲುವೆ ಬರುವುದಕ್ಕೆ ಮೊದಲು, ಜೋಳವನ್ನೂ ಹತ್ತಿಯನ್ನೂ ನೆಚ್ಚಿಕೊಂಡಿದ್ದ ಒಕ್ಕಲುತನಕ್ಕೆ ಗೊಬ್ಬರವು ಮುಖ್ಯವಾಗಿ ಎರಡು ಮಾರ್ಗಗಳಿಂದ ಒದಗುತ್ತಿದ್ದಿತು. ಎತ್ತು ಎಮ್ಮೆಗಳ ಸಗಣಿಯೂ ಮೇವಿನ ಉಳಿಕೆಯೂ ಒಲೆಯ ಬೂದಿಯೂ ಸೇರಿ ವರ್ಷವಿಡೀ ಮಾಗಿದ ತಿಪ್ಪೆ ಒಂದು, ಸುಗ್ಗಿ ಮುಗಿದ ಹೊಲದಲ್ಲಿ ಕುರುಬರ ಹಿಂಡನ್ನು ರಾತ್ರಿ ತರುಬಿಸಿ ಪಡೆಯುತ್ತಿದ್ದ ಹಿಕ್ಕೆ ಮತ್ತೊಂದು. 1953ರಲ್ಲಿ ಅಣೆಕಟ್ಟಿನ ಕೆಲಸ ಮುಗಿದು, ಕಾಲಕ್ರಮದಲ್ಲಿ ನೀರು ಬಯಲಿಗಿಳಿದು, ಬತ್ತದ ಗದ್ದೆಗಳೂ ಅವುಗಳ ಬೆನ್ನಿಗೆ ವಲಸೆ ಬಂದ ರೈತರ ಕ್ಯಾಂಪುಗಳೂ ಎದ್ದ ಮೇಲೆ ಈ ವ್ಯವಸ್ಥೆ ಸಡಿಲಿತು. ಕೊಯ್ಲಿನ ಯಂತ್ರ ಬಿಟ್ಟುಹೋದ ಹುಲ್ಲಿಗೆ ಬೆಂಕಿಯಿಡುವ ಇಂದಿನ ರೂಢಿಯನ್ನು ಕಂಡಾಗಲೆಲ್ಲ, ಬೆಳೆಯ ಉಳಿಕೆಯನ್ನು ಮಣ್ಣಿಗೆ ಮರಳಿಸುವ ಭಾರವನ್ನು ನಮ್ಮ ಹಿಂದಿನವರು ಯಾವ ಯಾವ ಜೀವಿಗಳಿಗೆ ಒಪ್ಪಿಸಿದ್ದರೆಂಬ ಪ್ರಶ್ನೆ ನನ್ನ ಮನಸ್ಸನ್ನು ಹಿಡಿದಿದೆ. ಅದರ ಉತ್ತರದ ಅತ್ಯಂತ ಕುತೂಹಲಕರವಾದ ಭಾಗವು ನಾಡಿನ ಪಶ್ಚಿಮದ ಅಂಚಿನಲ್ಲಿ, ಅಡಕೆತೋಟಗಳ ನೆರಳಿನಲ್ಲಿ, ಮುಟ್ಟಿದೊಡನೆ ಉಂಡೆಯಾಗಿ ಸುರುಳಿಗೊಳ್ಳುವ ಒಂದು ಸಹಸ್ರಪದಿಯ ಬಾಳಿನೊಡನೆ ಹೆಣೆದುಕೊಂಡಿದೆ.

ಆ ಸೀಮೆಯ ತೋಟಗಳಿಗೆ ಎಲೆಯೇ ಮೂಲಧನ. ಮಳೆಗಾಲಕ್ಕೆ ಮುನ್ನ ಕಾಡಿನ ತರಗೆಲೆಯನ್ನು ಗುಡಿಸಿ ತರುವುದು, ಹಸಿಸೊಪ್ಪನ್ನು ಸವರಿ ಹಟ್ಟಿಯ ದನಗಳ ಕಾಲಡಿಗೆ ಹಾಸುವುದು, ಹೀಗೆ ತುಳಿದು ಕೊಳೆತುದನ್ನು ಹೊತ್ತು ಮರದ ಬುಡಕ್ಕೆ ಹಾಕಿ ಮಣ್ಣು ಮುಚ್ಚುವುದು—ಈ ಕ್ರಮವು ಎಷ್ಟು ಬೇರೂರಿದ್ದಿತೆಂದರೆ, ಭೂಕಂದಾಯದ ಕಾನೂನೇ ಅದಕ್ಕೆ ಮಣಿಯಬೇಕಾಯಿತು. ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟಗಳು ತೋಟಕ್ಕೆ ಅಂಟಿಕೊಂಡ ಹಕ್ಕಾಗಿ ಬಂದವು. ಘಟ್ಟದ ಮೇಲಣ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟದ್ದುಂಟು. ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗದ (ಪಟ್ಟಾ ಹಿಡುವಳಿಯ) ಭೂಮಿಯ ಸುತ್ತಣ 100 ಗಜದೊಳಗಿನ ಸರಕಾರಿ ಜಾಗವು ಕುಮ್ಕಿಯೆಂದು ಪರಿಗಣಿತವಾಗಿ, ಅಲ್ಲಿಯ ಸೊಪ್ಪು ಸೌದೆಗಳು ಆ ವರ್ಗದಾರನಿಗೆ ಸಲ್ಲುತ್ತಿದ್ದವು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕಂಡ ತೋಟಗಾರಿಕೆಯೂ ಇಂಥ ಎಲೆಯ ಆಧಾರದ್ದೇ. ಕಂದಾಯದ ದಫ್ತರುಗಳಲ್ಲಿ ಕುಮ್ಕಿಯನ್ನೂ ಬೆಟ್ಟವನ್ನೂ ಎಕರೆಗಟ್ಟಲೆ ಲೆಕ್ಕವಿಟ್ಟಿದ್ದಾರೆ. ಆ ನೆಲದ ಎಲೆಯನ್ನು ಕಚ್ಚಿ ಪುಡಿಮಾಡಿ ಮಣ್ಣಾಗಿಸುತ್ತಿದ್ದ ಪ್ರಾಣಿಗಳ ಹೆಸರು ಮಾತ್ರ ಯಾವ ದಫ್ತರಿನಲ್ಲಿಯೂ ಬರಲಿಲ್ಲ.

ಆ ಪ್ರಾಣಿಗಳಲ್ಲೊಂದಾದ ಉಂಡೆಯಾಗುವ ಸಹಸ್ರಪದಿಯ ಕುರಿತು ಸ್ವಲ್ಪ ನಿಧಾನಿಸಿ ಹೇಳುವುದು ಅವಶ್ಯ. ನಮ್ಮ ಬಯಲಿನಲ್ಲಿ ಮುಂಗಾರಿನ ಮೊದಲ ಹದಕ್ಕೆ ಗೋಡೆಯ ಬುಡದಲ್ಲಿ ಕಾಣಿಸಿಕೊಳ್ಳುವ ನೀಳ ದೇಹದ ಸಹಸ್ರಪದಿಗೂ ಇದಕ್ಕೂ ವರ್ಗವೊಂದೇ ಆದರೂ ಆಕಾರ ತೀರ ಬೇರೆ. ಇದರ ಬೆನ್ನಿನ ಮೇಲೆ ಕಮಾನಿನಂತೆ ಬಾಗಿದ ಗಟ್ಟಿಯಾದ ಫಲಕಗಳುಂಟು. ಅಪಾಯದ ಸುಳಿವು ಸಿಕ್ಕೊಡನೆ ತಲೆಯನ್ನೂ ಕಾಲುಗಳನ್ನೂ ಒಳಗೆಳೆದುಕೊಂಡು, ಎಲ್ಲಿಯೂ ಸಂದಿಲ್ಲದ ಗೋಲಿಯಾಗಿಬಿಡುತ್ತದೆ. ಸಾವಿರ ಕಾಲೆಂಬ ಬಿರುದಿದ್ದರೂ ಪ್ರಾಯಕ್ಕೆ ಬಂದ ಹೆಣ್ಣಿಗಿರುವುದು 21 ಜೊತೆ ಕಾಲುಗಳು; ಗಂಡಿಗೆ ಇವಲ್ಲದೆ ಹಿಂತುದಿಯಲ್ಲಿ, ಕೂಡುವ ವೇಳೆಯಲ್ಲಿ ಹೆಣ್ಣನ್ನು ಹಿಡಿಯುವುದಕ್ಕೆಂದೇ ಮಾರ್ಪಟ್ಟ ಇನ್ನೆರಡು ಜೊತೆಗಳಿವೆ. ನೀಳ ಸಹಸ್ರಪದಿಗಳಲ್ಲಿ ಹಲವು ಮೈಯಿಂದ ಕಟುವಾದ ದ್ರವವನ್ನು ಒಸರಿಸಿ ಶತ್ರುವನ್ನು ಹಿಮ್ಮೆಟ್ಟಿಸುವವು. ಈ ಗಣಕ್ಕೆ ಆ ಸಾಧನವಿಲ್ಲ, ಉಂಡೆಯಾಗುವುದೊಂದೇ ರಕ್ಷೆ. ಇದರ ಬಂಧುಗಳು ದಕ್ಷಿಣ ಆಫ್ರಿಕ, ಮಡಗಾಸ್ಕರ್, ಸಿಂಹಳ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಹರಡಿಕೊಂಡಿರುವ ಬಗೆಯನ್ನು ನೋಡಿದರೆ, ಈ ಭೂಖಂಡಗಳೆಲ್ಲವೂ ಒಂದಾಗಿದ್ದ ಗೊಂಡ್ವಾನದ ಕಾಲದ ನೆನಪು ಈ ಸಣ್ಣ ದೇಹದಲ್ಲಿ ಉಳಿದಿದೆಯೆಂದು ಒಪ್ಪಬೇಕಾಗುತ್ತದೆ.

ಶಾಸ್ತ್ರಗಳ ಕಣ್ಣಿಗೆ ಇದು ತಡವಾಗಿ ಬಿದ್ದಿತು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಶತಪದಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾರಾದರೂ, ಆ ಗಣನೆ ವಿಷಚಿಕಿತ್ಸೆಯ ದೃಷ್ಟಿಯದು. ವಿಷವಿಲ್ಲದೆ ಎಲೆ ತಿಂದು ಬದುಕುವ ಜೀವಿಯನ್ನು ವೈದ್ಯನು ಗಮನಿಸಲು ಕಾರಣವಿರಲಿಲ್ಲ. ಯುರೋಪಿನಲ್ಲಿ ಮಾತ್ರ ಉಂಡೆಯಾಗುವ ಬೇರೆಯೇ ವರ್ಗದ ಜೀವಿಗೆ, ಸಿಗಡಿಯ ಬಳಗಕ್ಕೆ ಸೇರಿದ ನೆಲಹುಳುವಿಗೆ, ಔಷಧಿಯಂಗಡಿಗಳಲ್ಲಿ ಬೆಲೆಯಿದ್ದಿತು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಅದನ್ನು ಒಣಗಿಸಿ ಗುಳಿಗೆಯಂತೆ ನುಂಗಿಸುತ್ತಿದ್ದರು, ಅಂಥ ಒಂದು ಪ್ರಭೇದಕ್ಕೆ ವಿಜ್ಞಾನಿಗಳು ಕೊಟ್ಟ ‘ಅಫಿಷಿನಾಲಿಸ್’ ಎಂಬ ಹೆಸರು ಆ ಬಳಕೆಯ ಗುರುತಾಗಿ ಇಂದಿಗೂ ನಿಂತಿದೆ. ನಮ್ಮ ಘಟ್ಟದ ಪ್ರಾಣಿಗೆ ‘ಆರ್ಥ್ರೊಸ್ಫೇರಾ’ ಎಂಬ ಕುಲನಾಮ ದೊರೆತದ್ದು 1895ರಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಪೊಕಾಕ್ ಎಂಬಾತನಿಂದ. ಆ ಕುಲದೊಳಗಿನ ‘ಮ್ಯಾಗ್ನ’ ಎಂಬ ಪ್ರಭೇದವನ್ನು ಆಸ್ಟ್ರಿಯದ ವಿದ್ವಾಂಸ ಕಾರ್ಲ್ ಅಟೆಮ್ಸ್ 1936ರಲ್ಲಿ ವರ್ಣಿಸಿದನು. ಅಲ್ಲಿಂದ ಮುಂದೆ ಬಹುಕಾಲ ಇದು ಸಂಗ್ರಹಾಲಯದ ಸೀಸೆಯೊಳಗಿನ ವಸ್ತುವಾಗಿಯೇ ಉಳಿಯಿತು.

ಕೀಟವನ್ನು ಸಾಕುವ ಕಸುಬು ಕನ್ನಡನಾಡಿಗೆ ಹೊಸದಲ್ಲ. ಟಿಪ್ಪು ಸುಲ್ತಾನನು ಬಂಗಾಳದಿಂದ ತರಿಸಿದ ರೇಷ್ಮೆಹುಳುವಿನ ಸಾಕಣೆ ಹಳೆಯ ಮೈಸೂರಿನ ಹಳ್ಳಿಹಳ್ಳಿಯಲ್ಲಿ ಚಂದ್ರಿಕೆಗಳ ಮೇಲೆ ನೆಲೆಯೂರಿತು. ಕೊಡಗಿನ ಜೇನು ಸಾಕಣೆಗೂ ಇಂಥದೇ ಕೀರ್ತಿ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ರಾಧಾ ಕಾಳೆಯವರ ಪರಿಶ್ರಮದಿಂದ ಎರೆಹುಳುಗೊಬ್ಬರ ರೈತರ ಬಾಯಲ್ಲಿ ನೆಲೆಯಾಯಿತು. ಆ ತೊಟ್ಟಿಗಳಲ್ಲಿ ದುಡಿದ ಮುಖ್ಯ ಹುಳು ಆಫ್ರಿಕದಿಂದ ಬಂದ ಜಾತಿಯದು, ಬೇಗ ಬೆಳೆದು ಬೇಗ ಮರಿಮಾಡುವಂಥದು, ಎಲ್ಲಿಗೆ ಒಯ್ದರೂ ಒಗ್ಗಿಕೊಳ್ಳುವಂಥದು. ಹಾಗೆ ಒಗ್ಗುವ ಗುಣವೇ ಸಾಕುಪ್ರಾಣಿಯ ಲಕ್ಷಣವೆಂದು ಭಾವಿಸಿದವರಿಗೆ, ಉಂಡೆಯಾಗುವ ಸಹಸ್ರಪದಿಯ ಸಾಕಣೆಯ ಕಥೆ ಬೇರೊಂದು ಪಾಠವನ್ನೇ ಕಲಿಸುತ್ತದೆ.

ಬಂಟ್ವಾಳ ತಾಲೂಕಿನ ಅಡ್ಯನಡ್ಕವು ಕೇರಳದ ಗಡಿಗೆ ತಾಗಿಕೊಂಡಿರುವ ಊರು. ಅಲ್ಲಿಯ ವಾರಣಾಶಿ ಸಾವಯವ ತೋಟದಲ್ಲಿ ಅಡಕೆ, ತೆಂಗು, ಗೇರು, ಕೊಕ್ಕೊ ಮುಂತಾದವು ಬೆರೆತು ಬೆಳೆದಿದ್ದ ನೆರಳಿನಲ್ಲಿ ಈ ಸಹಸ್ರಪದಿ ಧಾರಾಳವಾಗಿ ಕಂಡುಬಂದದ್ದೇ ಮುಂದಿನ ಕೆಲಸಕ್ಕೆ ಬೀಜವಾಯಿತು. ಕೊಕ್ಕೊ ಆ ಸೀಮೆಗೆ ಹೊಸ ಬೆಳೆ. 1973ರಲ್ಲಿ ಸ್ಥಾಪಿತವಾದ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆದ ತರುವಾಯ ತೋಟದಲ್ಲಿ ಅದರ ಎಲೆಯೂ ಕಾಯಿಯ ಸಿಪ್ಪೆಯೂ, ಹಿಂದಿನಿಂದ ಇದ್ದ ಅಡಕೆಯ ಸೋಗೆ ಹಾಳೆಗಳ ಜೊತೆ, ದೊಡ್ಡ ಮೊತ್ತದಲ್ಲಿ ಉಳಿಯತೊಡಗಿದವು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಜೀವವಿಜ್ಞಾನ ವಿಭಾಗದ ಕೆ. ಆರ್. ಶ್ರೀಧರ್ ಅವರೂ ಕೆ. ಎಂ. ಅಶ್ವಿನಿಯವರೂ ‘ಮ್ಯಾಗ್ನ’ವನ್ನು ತೋಟದಲ್ಲಿಯೂ ಕಾಡಿನಲ್ಲಿಯೂ ಪರಿಶೀಲಿಸಿ, ಹಿಡಿದು ಸಾಕಿ, ತೋಟದ ಉಳಿಕೆಗಳನ್ನು ಉಣಿಸಿ, ಅದರ ಹಿಕ್ಕೆಯ ಗುಣವನ್ನು ಅಳೆದು, 2002ರಿಂದ 2006ರವರೆಗಿನ ಲೇಖನಗಳಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು, ಅನಂತರದ ವರ್ಷಗಳಲ್ಲಿ ಅದೇ ವಿಭಾಗದಲ್ಲಿ ಇತರ ಪ್ರಭೇದಗಳ ಮೇಲೆಯೂ ಕೆಲಸ ಮುಂದುವರಿಯಿತು. ತಿಂದ ಎಲೆಗಿಂತ ಹಿಕ್ಕೆಯಲ್ಲಿ ಸಾರಜನಕದ ಪಾಲು ಏರಿ, ಇಂಗಾಲದ ಪಾಲು ಅದಕ್ಕೆ ಹೋಲಿಸಿದರೆ ಇಳಿಯುತ್ತದೆಂಬುದು ಅವರ ಶೋಧದ ತಿರುಳು; ಗೊಬ್ಬರ ಮಾಗುವುದೆಂದರೆ ಇದೇ. ತಮ್ಮ ನೆಲದ ಜೀವಿಯನ್ನೇ ನೆಚ್ಚಿ ಹೊರಟ ಈ ಪ್ರಯತ್ನವನ್ನು ನಾನು ಅತ್ಯಂತ ಗೌರವದಿಂದ ಕಾಣುತ್ತೇನೆ.

ಆದರೆ ಸಾಕುವುದು ಸುಲಭವಲ್ಲ. ಲೋಕದ ಹಲವೆಡೆ ಹವ್ಯಾಸಿಗಳು ಈ ಗಣದ ಪ್ರಾಣಿಗಳನ್ನು, ಅದರಲ್ಲಿಯೂ ಮಡಗಾಸ್ಕರಿನ ದೊಡ್ಡ ಜಾತಿಗಳನ್ನು, ಅವುಗಳ ಹೊಳಪಿಗೂ ಆಕಾರಕ್ಕೂ ಮನಸೋತು ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡು, ಬಹುತೇಕ ಕೆಲವೇ ತಿಂಗಳುಗಳಲ್ಲಿ ಕಳೆದುಕೊಂಡಿದ್ದಾರೆ. ಕಾರಣವು ಆಹಾರದಲ್ಲಿದೆ. ಒಣಗಿದ ಎಲೆ ಮಾತ್ರ ಇದಕ್ಕೆ ಸಾಲದು. ಶಿಲೀಂಧ್ರವೂ ಸೂಕ್ಷ್ಮಜೀವಿಗಳೂ ಹತ್ತಿ ಅರೆಕೊಳೆತ ಎಲೆ ಬೇಕು, ಅದರೊಂದಿಗೆ ಬಂದ ಮಣ್ಣು ಬೇಕು. ತನ್ನ ಹಿಕ್ಕೆಯನ್ನೇ ಮತ್ತೆ ತಿಂದು, ಮೊದಲ ಸಲ ಜೀರ್ಣವಾಗದೆ ಉಳಿದುದನ್ನು ಎರಡನೆಯ ಸಲ ಪಡೆಯುವುದು ಸಹಸ್ರಪದಿಗಳ ಸ್ವಭಾವವಾದುದರಿಂದ, ಪೆಟ್ಟಿಗೆಯನ್ನು ಚೊಕ್ಕಟವಾಗಿಡುವ ಸಾಕಣೆಗಾರನು ಅರಿಯದೆಯೇ ಅದರ ಊಟವನ್ನು ಕಿತ್ತುಕೊಂಡಂತಾಗುತ್ತದೆ. ಬೆನ್ನಿನ ಫಲಕಗಳು ಸುಣ್ಣದಿಂದ ಗಟ್ಟಿಯಾಗುವುದರಿಂದ, ಪೊರೆ ಬಿಡುವ ಕಾಲದಲ್ಲಿ ಸುಣ್ಣದ ಅಂಶವಿಲ್ಲದಿದ್ದರೆ ಮೈ ಮೆತ್ತಗಾಗಿ ಸಾಯುವುದುಂಟು. ತೇವ ಹೆಚ್ಚಾದರೂ ಕಷ್ಟ, ಆರಿದರೂ ಕಷ್ಟ.

ಸಂತಾನದ ವಿಷಯ ಇನ್ನೂ ನಾಜೂಕಾದುದು. ಗಂಡು ತನ್ನ ಹಿಂತುದಿಯ ಕಾಲುಗಳ ಗೆರೆಗಳನ್ನು ಉಜ್ಜಿ ಸಣ್ಣದೊಂದು ನಾದವನ್ನು ಹೊರಡಿಸಿ, ಉಂಡೆಯಾಗಿ ಬಿಗಿದುಕೊಂಡಿರುವ ಹೆಣ್ಣನ್ನು ಬಿಚ್ಚಿಕೊಳ್ಳುವಂತೆ ಒಲಿಸುವುದು. ಹೆಣ್ಣು ಮೊಟ್ಟೆಗಳನ್ನು ಮಣ್ಣಿನ ಹೊದಿಕೆಯೊಳಗೆ ಮುಚ್ಚಿಡುವುದು. ಹೊರಬಂದ ಮರಿಗಳು ಕೆಲವೇ ಕಾಲುಗಳೊಂದಿಗೆ ಆರಂಭಿಸಿ, ಪೊರೆ ಕಳಚಿದಂತೆಲ್ಲ ಕಾಲುಗಳನ್ನು ಕೂಡಿಸಿಕೊಳ್ಳುತ್ತ, ನಿಧಾನವಾಗಿ ಬೆಳೆಯುವುವು. ಮಳೆಗಾಲದಲ್ಲಿ ಎಲೆಯ ಹಾಸಿನಲ್ಲಿ ಮೇಲೆ ಓಡಾಡುವ ಪ್ರಾಣಿ ಬೇಸಗೆಯಲ್ಲಿ ಮಣ್ಣಿನಾಳಕ್ಕೆ ಇಳಿದುಬಿಡುತ್ತದೆ. ಋತುವಿನ ಈ ಲಯವನ್ನು ಪೆಟ್ಟಿಗೆಯೊಳಗೆ ತರುವುದು ಸುಲಭಸಾಧ್ಯವಲ್ಲ. ಇವನ್ನೆಲ್ಲ ಕೂಡಿಸಿ ನೋಡಿದರೆ, ಈ ಜೀವಿಯನ್ನು ಸಾಕುವುದೆಂದರೆ ಕಾಡಿನ ನೆಲವನ್ನು ಸಾಕುವುದೇ ಆಗಿರುವುದರಿಂದ, ಕುಮ್ಕಿಯ ತರಗೆಲೆಯನ್ನು ಪ್ರತಿವರ್ಷವೂ ತೋಟದ ಬುಡಕ್ಕೆ ತಂದು ಹಾಕಿ ತೇವವನ್ನೂ ನೆರಳನ್ನೂ ಕಾದ ಹಳೆಯ ತೋಟಗಾರರು, ತಮಗೆ ತಿಳಿಯದೆಯೇ, ತಲೆಮಾರುಗಳ ಕಾಲ ಇದರ ಸಾಕಣೆಗಾರರಾಗಿದ್ದರೆಂದು ನಾನು ನಿಶ್ಚಯವಾಗಿ ಹೇಳಬಲ್ಲೆ.

ತುರ್ವಿಹಾಳಕ್ಕೆ ಇದನ್ನು ತಂದು ಹುಲ್ಲಿನ ರಾಶಿಗೆ ಬಿಡಬಾರದೇ ಎಂದು ಉತ್ಸಾಹಿಗಳು ಕೇಳುವುದುಂಟು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿದ ಮಳೆ. ನಮ್ಮಲ್ಲಿ ಸುಮಾರು 600. ಬೇಸಗೆಗೆ ಬಿರುಕು ಬಿಡುವ ಎರೆಮಣ್ಣಿನಲ್ಲಿ, ಮರದ ನೆರಳೂ ಅಗಲ ಎಲೆಯ ಹಾಸೂ ಇಲ್ಲದ ಬಯಲಿನಲ್ಲಿ, ಕಾಲುವೆಯ ನೀರು ಎಷ್ಟು ಹರಿದರೂ ಆ ಪ್ರಾಣಿ ಬಾಳಲಾರದು. ಕಾಡಿನಿಂದ ಕಿತ್ತು ತಂದುದಷ್ಟೇ ನಷ್ಟವಾದೀತು. ಬತ್ತದ ಹುಲ್ಲನ್ನು ತಿಪ್ಪೆಗೆ ಸೇರಿಸುವುದೂ ಕುರಿ ತರುಬಿಸುವುದೂ ಈ ಮಣ್ಣಿಗೆ ತಕ್ಕ ಉಪಾಯಗಳು.

ಘಟ್ಟದ ಬುಡದಲ್ಲಿಯೂ ಸ್ಥಿತಿ ಈಗ ಹಿಂದಿನಂತಿಲ್ಲ. 1970ರ ದಶಕದಲ್ಲಿ ಸಿಂಹಳದಿಂದ ಮರಳಿದ ತಮಿಳರ ಪುನರ್ವಸತಿಗಾಗಿ ಸುಳ್ಯ ಪುತ್ತೂರುಗಳ ಕಡೆ ಸರಕಾರವೇ ರಬ್ಬರು ತೋಟಗಳನ್ನೆಬ್ಬಿಸಿತು; ಆ ಮೇಲೆ ಅಕೇಶಿಯ ನೆಡುತೋಪುಗಳು ಬಂದವು, ಅವುಗಳ ಎಲೆ ಬೇಗ ಕೊಳೆಯುವಂಥದಲ್ಲ; ಹಟ್ಟಿಯಲ್ಲಿ ದನಗಳು ಕಡಿಮೆಯಾದಂತೆ ಸೊಪ್ಪು ಹಾಸುವ ಕೆಲಸವೂ ನಿಂತಿತು. ಆರ್ಥ್ರೊಸ್ಫೇರಾದ ಪ್ರಭೇದಗಳಲ್ಲಿ ಹಲವು ಘಟ್ಟದ ಒಂದೊಂದು ಭಾಗಕ್ಕೆ ಮಾತ್ರ ಸೀಮಿತವಾದವು, ತಮ್ಮ ಎಲೆಯ ಹಾಸನ್ನು ಬಿಟ್ಟು ದೂರ ಸಾಗುವ ಶಕ್ತಿ ಅವಕ್ಕಿಲ್ಲ. ಯಾವ ಕುಮ್ಕಿಯಲ್ಲಿ ಯಾವ ಮರದ ಎಲೆ ಬೇಗ ಗೊಬ್ಬರವಾಗುತ್ತಿದ್ದಿತು, ಯಾವ ತಿಂಗಳಲ್ಲಿ ಈ ಹುಳುಗಳು ಬುಟ್ಟಿಯ ತರಗೆಲೆಯೊಡನೆ ಹಟ್ಟಿಗೆ ಬರುತ್ತಿದ್ದವು ಎಂಬುದನ್ನು ಕಣ್ಣಾರೆ ಕಂಡ ಹಿರಿಯ ತೋಟಗಾರರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳುವ ಕೆಲಸ ನಡೆಯಬೇಕಾಗಿದೆ.