ಗುಂಡು ಹಾರಿದ ಮೇಲೆ ಯಾವ ಬಾಗಿಲು ಬಡಿಯಬೇಕು?

ಬಾದಾಮಿಯಿಂದ ಹೊರಟು ಕುಳಗೇರಿ ಕ್ರಾಸ್‌ನಲ್ಲಿ ಹುಬ್ಬಳ್ಳಿ ರಸ್ತೆ ಹಿಡಿಯಿರಿ. ಕೊಣ್ಣೂರಿನ ಹತ್ತಿರ ಮಲಪ್ರಭಾ ಹೊಳೆ ದಾಟಿದರೆ ಮುಂದೆ ನರಗುಂದ, ಅದರಾಚೆ ನವಲಗುಂದ. ಎರಡೂ ಊರಲ್ಲಿ ವೀರಗಲ್ಲುಗಳಿವೆ. ಐಹೊಳೆ, ಪಟ್ಟದಕಲ್ಲು ನೋಡಿ ಬೆಳೆದ ನಮ್ಮ ಕಡೆಯವರಿಗೆ ವೀರಗಲ್ಲು ಅಂದ್ರೆ ಸಾವಿರ ವರ್ಷದ ಹಿಂದಿನ ಮಾತು. ಇವು ಹಾಗಲ್ಲ. 1980ರ ಜುಲೈ 21ರಂದು ಪೊಲೀಸರ ಗುಂಡಿಗೆ ಸತ್ತ ರೈತರ ಹೆಸರಿನವು ಇವು. ಪ್ರತಿ ವರ್ಷ ಆ ದಿನ ಬಂತೆಂದರೆ ಹಸಿರು ಶಾಲಿನವರು ಬರ್ತಾರೆ, ಮಾಲೆ ಹಾಕ್ತಾರೆ, ಎಲ್ಲ ಪಕ್ಷದ ನಾಯಕರೂ ಭಾಷಣ ಮಾಡ್ತಾರೆ. ನಾವು ಚಾನೆಲ್‌ನವರೂ ಎರಡು ನಿಮಿಷದ ಸುದ್ದಿ ಮಾಡಿ ಕೈ ತೊಳೆದುಕೊಳ್ತೀವಿ. ಆದರೆ ಒಂದು ಪ್ರಶ್ನೆ ಯಾರೂ ಕೇಳಲ್ಲ. ಅವತ್ತು ಸತ್ತವರ ಮನೆಯವರು ನ್ಯಾಯ ಕೇಳಲು ಹೊರಟಿದ್ದರೆ, ಯಾವ ಬಾಗಿಲು ಬಡಿಯಬೇಕಿತ್ತು?

ಮೊದಲು ಆಗಿದ್ದೇನು ನೋಡಿ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಕಾಲುವೆ ಬಂತು, ಕಾಲುವೆಯ ಹಿಂದೆ ಕರ ಬಂತು. ಅಭಿವೃದ್ಧಿ ಕರ ಅಂತ ಅದರ ಹೆಸರು. ನೀರು ಬಂದು ನಿಮ್ಮ ಹೊಲದ ಬೆಲೆ ಹೆಚ್ಚಿದೆ, ಹಾಗಾಗಿ ಕಟ್ಟಿ ಅನ್ನೋದು ಸರ್ಕಾರದ ವಾದ. ಎಷ್ಟೋ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ನೀರು ಮುಟ್ಟಿದ ಎರೆ ಭೂಮಿ ಕೆಲವು ಕಡೆ ಜವಳು ಹಿಡಿದಿತ್ತು. ಆಗ ಎಲ್ಲರೂ ನಂಬಿ ಬೆಳೆದದ್ದು ವರಲಕ್ಷ್ಮಿ ಹತ್ತಿ, ಅದರ ದರ ನೆಲ ಕಚ್ಚಿತ್ತು. ಸಾಲ ತಂದು ಬಿತ್ತಿದವನಿಗೆ ಬಂದದ್ದು ವಸೂಲಿ ನೋಟಿಸು.

ರೈತರು ಸಮನ್ವಯ ಸಮಿತಿ ಮಾಡಿಕೊಂಡರು. ಜುಲೈ 21ಕ್ಕೆ ಬಂದ್ ಕರೆ ಕೊಟ್ಟರು, ತಹಶೀಲ್ದಾರ್ ಕಚೇರಿಗಳ ಮುಂದೆ ಜನ ಸೇರಿದರು. ನವಲಗುಂದದಲ್ಲಿ ಗುಂಡು ಹಾರಿತು, ಬಸಪ್ಪ ಲಕ್ಕುಂಡಿ ಸತ್ತರು. ನರಗುಂದದಲ್ಲಿ ಗುಂಡು ಹಾರಿತು, ವೀರಪ್ಪ ಕಡ್ಲಿಕೊಪ್ಪ ಸತ್ತರು. ಇನ್ನೊಂದನ್ನೂ ಹೇಳಬೇಕು, ಹೇಳದಿದ್ದರೆ ಅದು ಇತಿಹಾಸ ಆಗಲ್ಲ. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕು ಪೊಲೀಸ್ ಅಧಿಕಾರಿಯೂ ಜೀವ ಕಳೆದುಕೊಂಡರು. ಅವರ ಮನೆಯಲ್ಲೂ ಹೆಂಡತಿ ಮಕ್ಕಳು ಇದ್ದಿರಬಹುದಲ್ಲ? ಅವರನ್ನು ಕೊಂದವರ ಮೇಲೆ ಕೊಲೆ ಕೇಸು ಹಾಕಲು ಸರ್ಕಾರ ಯಾರ ಅನುಮತಿಯನ್ನೂ ಕೇಳಬೇಕಿರಲಿಲ್ಲ. ರೈತನನ್ನು ಕೊಂದ ಗುಂಡಿನ ವಿಷಯದಲ್ಲಿ ಮಾತ್ರ ಕೇಳಬೇಕಿತ್ತು. ವ್ಯತ್ಯಾಸ ಇರೋದು ಇಲ್ಲೇ.

ರಾಜಕೀಯದ ಕಥೆ ಎಲ್ಲರಿಗೂ ಗೊತ್ತು. ರೈತ ಸಂಘ ಹುಟ್ಟಿತು. ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿ ಮನೆಮಾತಾದರು. 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರವೇ ಹೋಯ್ತು. ಓಟಿನ ಡಬ್ಬಿಯಲ್ಲಿ ಲೆಕ್ಕ ಚುಕ್ತಾ ಆಯ್ತು ಅಂತ ನಾವೆಲ್ಲ ಅಂದುಕೊಂಡೆವು. ಕೋರ್ಟಿನ ಲೆಕ್ಕ?

1980ರ ಕಾನೂನು ಹೇಗಿತ್ತು ಕೇಳಿ. ಗುಂಪು ಚದುರಿಸುವ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮಿನಿಂದ ಶುರುವಾಗುತ್ತಿತ್ತು. ಆ ಅಧಿಕಾರ ಬಳಸಿದವರ ಮೇಲೆ ಸರ್ಕಾರದ ಮಂಜೂರಾತಿ ಇಲ್ಲದೆ ಮೊಕದ್ದಮೆ ನಡೆಸುವಂತಿಲ್ಲ ಅನ್ನುತ್ತಿತ್ತು 132ನೇ ಕಲಮು. ಅದರ ಮೇಲೆ 197. ಈ ರಕ್ಷಣೆ ನಾವು ಬರೆದುಕೊಂಡದ್ದಲ್ಲ. ಬ್ರಿಟಿಷರು 1898ರಲ್ಲಿ ಬರೆದ ಸಂಹಿತೆಯಲ್ಲೂ ಇತ್ತು. ಬಿಳಿಯರ ಸರ್ಕಾರ ತನ್ನ ಪೊಲೀಸರಿಗೆ ಹೊದಿಸಿದ ಕಂಬಳಿಯನ್ನು ನಮ್ಮ ಸರ್ಕಾರವೂ ಮಡಚಿಡದೆ ಹೊದಿಸಿತು.

ಕ್ರಿಮಿನಲ್ ಕೇಸು ಬೇಡ, ಸಿವಿಲ್ ದಾವೆ ಹೂಡಿ ಪರಿಹಾರ ಕೇಳೋಣ ಅಂದ್ರೆ? ಅದಕ್ಕೆ ಅಡ್ಡ ನಿಂತಿದ್ದು ಒಂದು ಬಂಗಾರದ ಕಥೆ. 1947ರಲ್ಲಿ ಅಮೃತಸರದ ವ್ಯಾಪಾರಿಯೊಬ್ಬರನ್ನು ಮೀರತ್‌ನಲ್ಲಿ ಪೊಲೀಸರು ಹಿಡಿದರು. ಅವರ ಹತ್ತಿರ ಇದ್ದ ನೂರು ತೊಲಕ್ಕೂ ಹೆಚ್ಚು ಬಂಗಾರವನ್ನು ಠಾಣೆಯಲ್ಲಿಟ್ಟರು. ಆ ಬಂಗಾರ ಎತ್ತಿಕೊಂಡು ಹೆಡ್ ಕಾನ್‌ಸ್ಟೇಬಲ್ ಪಾಕಿಸ್ತಾನಕ್ಕೆ ಓಡಿ ಹೋದ. ನನ್ನ ಬಂಗಾರ ಕೊಡಿ ಅಂತ ವ್ಯಾಪಾರಿ ಕೋರ್ಟಿಗೆ ಹೋದರು. 1964ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು ಗೊತ್ತಾ? ಬಂಧಿಸುವುದು, ಜಪ್ತಿ ಮಾಡುವುದು ಸಾರ್ವಭೌಮ ಅಧಿಕಾರ. ಅದನ್ನು ಚಲಾಯಿಸುವಾಗ ನೌಕರ ತಪ್ಪು ಮಾಡಿದರೆ ಸರ್ಕಾರ ಹಣ ಕೊಡಬೇಕಾಗಿಲ್ಲ. ಇದೇ ಕಸ್ತೂರಿ ಲಾಲ್ ಕೇಸು. ಬಂಗಾರ ಕಳೆದುಕೊಂಡ ವ್ಯಾಪಾರಿಗೇ ಹೀಗಾದ ಮೇಲೆ, ಮಗನನ್ನು ಕಳೆದುಕೊಂಡ ಎರೆ ಹೊಲದ ರೈತನ ದಾವೆ ಎಲ್ಲಿ ನಿಲ್ಲುತ್ತಿತ್ತು? ಹೈಕೋರ್ಟಿಗೆ ಹೋಗೋಣ ಅಂದರೂ ಆಗ ಬೆಂಗಳೂರಿಗೇ ಹೋಗಬೇಕಿತ್ತು.

ಉಳಿದದ್ದು ವಿಚಾರಣಾ ಆಯೋಗ. ನಮ್ಮ ನಾಡಿಗೆ ಇದು ಹಳೆಯ ಪರಿಚಯ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜದ ಕಾರಣಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದಾಗಲೂ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ಬಂತು. ಸತ್ತವರ ಸಂಖ್ಯೆ ಬಗ್ಗೆ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಅದರ ಮೂರು ಪಟ್ಟು. ಆ ಜಗಳ ಇನ್ನೂ ಮುಗಿದಿಲ್ಲ. ಸ್ವತಂತ್ರ ಭಾರತದಲ್ಲಿ ಆಯೋಗಕ್ಕೆ 1952ರ ಕಾಯ್ದೆ ಇದೆ. ಅದರ ವರದಿ ಶಿಫಾರಸು ಮಾತ್ರ, ಸರ್ಕಾರ ಒಪ್ಪಲೇಬೇಕು ಅಂತಿಲ್ಲ. ಅದಕ್ಕಿಂತ ಮುಖ್ಯವಾದದ್ದು ಆರನೇ ಕಲಮು. ಆಯೋಗದ ಮುಂದೆ ಕೊಟ್ಟ ಹೇಳಿಕೆಯನ್ನು, ಸುಳ್ಳು ಸಾಕ್ಷ್ಯದ ಕೇಸು ಬಿಟ್ಟು, ಹೇಳಿದವನ ವಿರುದ್ಧ ಬಳಸುವಂತಿಲ್ಲ. ಹೌದು, ನಾನೇ ಗುಂಡು ಹೊಡೆಸಿದೆ ಅಂತ ಅಧಿಕಾರಿ ಅಲ್ಲಿ ಒಪ್ಪಿಕೊಂಡರೂ ಕೋರ್ಟಿನಲ್ಲಿ ಆ ಮಾತು ನಡೆಯಲ್ಲ. ‘ನ್ಯಾಯಾಂಗ ತನಿಖೆ’ ಅಂದ ಕೂಡಲೇ ಚಪ್ಪಾಳೆ ಹೊಡೆಯುವವರು ಇದನ್ನು ಓದಬೇಕು.

ಹಾಗಾದರೆ ಮನೆಯವರಿಗೆ ಸಿಗುತ್ತಿದ್ದದ್ದೇನು? ಸರ್ಕಾರ ಮನಸ್ಸು ಮಾಡಿದರೆ ಒಂದಿಷ್ಟು ದುಡ್ಡು. ನಮ್ಮ ಹಳೆಯ ಶಾಸನಗಳಲ್ಲಿ ನೆತ್ತರುಗೊಡಗೆ ಅಂತ ಒಂದು ಮಾತು ಬರುತ್ತೆ. ಊರಿಗಾಗಿ, ಒಡೆಯನಿಗಾಗಿ ಕಾದಾಡಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿ ಅದು, ನೆತ್ತರಿಗೆ ಕೊಟ್ಟ ಕೊಡುಗೆ. ಒಳ್ಳೆಯ ಪದ್ಧತಿಯೇ. ಆದರೆ ಅದು ರಾಜನ ಔದಾರ್ಯ, ಹಕ್ಕಲ್ಲ. ರಾಜನಿಗಾಗಿ ಸತ್ತವನಿಗೆ ಅದು. ರಾಜನ ಕೈಯಿಂದಲೇ ಸತ್ತವನಿಗೆ? 1980ರಲ್ಲೂ ಪರಿಹಾರ ಅನ್ನೋದು ನೆತ್ತರುಗೊಡಗೆಯ ಹಾಗೆಯೇ ಇತ್ತು. ಕೊಟ್ಟರೆ ಉಂಟು.

ಬಾಗಿಲು ತೆರೆದವನು ಒಬ್ಬ ಕೈದಿ. ಬಿಹಾರದ ರುದುಲ್ ಸಾಹ್. 1968ರಲ್ಲಿ ನಿರ್ದೋಷಿ ಅಂತ ತೀರ್ಪಾದ ಮೇಲೂ 14 ವರ್ಷ ಅವನನ್ನು ಜೈಲಿನಲ್ಲೇ ಕೊಳೆಹಾಕಿದ್ದರು. 1983ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೊದಲ ಬಾರಿಗೆ, ಮೂಲಭೂತ ಹಕ್ಕು ತುಳಿದದ್ದಕ್ಕೆ ಸರ್ಕಾರವೇ ಹಣ ಕೊಡಬೇಕು ಅಂತ ರಿಟ್ ಅರ್ಜಿಯಲ್ಲೇ ಆದೇಶ ಮಾಡಿತು. ಮೊದಲೇ ಕೊಟ್ಟಿದ್ದ 5,000 ಸೇರಿ 35,000 ರೂಪಾಯಿ. ಹಣ ಸಣ್ಣದು. ದಾರಿ ದೊಡ್ಡದು. ನರಗುಂದದಲ್ಲಿ ಗುಂಡು ಹಾರಿ ಬರೀ ಮೂರು ವರ್ಷ ಆಗಿತ್ತು.

1986ರ ಏಪ್ರಿಲ್‌ನಲ್ಲಿ ಬಿಹಾರದ ಅರ್ವಾಲ್‌ನಲ್ಲಿ ಬಡ ರೈತರು, ಕೂಲಿಗಳು ಸೇರಿದ್ದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸುಪ್ರೀಂ ಕೋರ್ಟ್ ಸತ್ತ ಪ್ರತಿಯೊಬ್ಬರಿಗೆ 20,000, ಗಾಯಗೊಂಡವರಿಗೆ 5,000 ರೂಪಾಯಿ ಕೊಡಿ ಅಂದಿತು. ಇದೇ ಅಂತಿಮ ಅಲ್ಲ, ಹೆಚ್ಚು ಕೇಳುವ ಹಕ್ಕು ಅವರಿಗೆ ಉಳಿದಿದೆ ಅಂತಲೂ ಹೇಳಿತು. ಗುಂಪಿನ ಮೇಲಿನ ಗೋಲಿಬಾರ್‌ಗೆ ಕೋರ್ಟೇ ಪರಿಹಾರ ಕೊಡಿಸಿದ್ದು, ನೆನಪಿಡಿ. ಆಮೇಲೆ ಬಂದವರು ಒರಿಸ್ಸಾದ ತಾಯಿ ನೀಲಬತಿ ಬೆಹೆರಾ. 22 ವರ್ಷದ ಮಗನನ್ನು ಪೊಲೀಸರು ಕರೆದೊಯ್ದಿದ್ದರು, ಮರುದಿನ ಹೆಣ ರೈಲು ಹಳಿ ಮೇಲೆ ಸಿಕ್ಕಿತು. ಆಕೆ ವಕೀಲರನ್ನು ಹಿಡಿಯಲಿಲ್ಲ, ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಆ ಕಾಗದವೇ ಅರ್ಜಿ ಆಯ್ತು. 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ. ಜೊತೆಗೆ, ಜೀವಿಸುವ ಹಕ್ಕಿನ ಮುಂದೆ ಸಾರ್ವಭೌಮ ರಕ್ಷಣೆಯ ನೆಪ ನಡೆಯಲ್ಲ ಅನ್ನುವ ಸ್ಪಷ್ಟ ತೀರ್ಪು. ಕಸ್ತೂರಿ ಲಾಲರ ಬಂಗಾರ ಹಾಕಿದ್ದ ಬೀಗವನ್ನು ಒಬ್ಬ ತಾಯಿಯ ಕಾಗದ ತೆಗೆಯಿತು.

ಆದರೂ ನಮ್ಮಲ್ಲಿ ಏನು ನಡೆಯುತ್ತಿದೆ? 2008ರ ಜೂನ್ 10, ಹಾವೇರಿ. ಗೊಬ್ಬರ ಕೇಳಲು ಬಂದ ರೈತರ ಮೇಲೆ ಗುಂಡು, ಇಬ್ಬರು ಸತ್ತರು. ಯಡಿಯೂರಪ್ಪನವರು ಹಸಿರು ಶಾಲು ಹೊದ್ದು, ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡು ಎರಡು ವಾರವೂ ಆಗಿರಲಿಲ್ಲ. 2019ರ ಡಿಸೆಂಬರ್ 19, ಮಂಗಳೂರು. ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆ ವೇಳೆ ಗೋಲಿಬಾರ್, ಮತ್ತೆ ಇಬ್ಬರ ಸಾವು. ಸರ್ಕಾರ ತಲಾ ಹತ್ತು ಲಕ್ಷ ಘೋಷಿಸಿತು, ಕೆಲವೇ ದಿನಗಳಲ್ಲಿ ತನಿಖೆ ಮುಗಿಯೋವರೆಗೆ ಕೊಡಲ್ಲ ಅಂತ ತಡೆಹಿಡಿಯಿತು. ಸತ್ತವರು ತಪ್ಪಿತಸ್ಥರೋ ಅಲ್ಲವೋ ಅನ್ನೋ ಚರ್ಚೆ ಸ್ಟುಡಿಯೋಗಳಲ್ಲಿ ರಾತ್ರಿಯಿಡೀ ನಡೆಯಿತು. ಅಲ್ಲಾ ಸ್ವಾಮಿ, ಕಲ್ಲು ಹೊಡೆದವನಿಗೂ ಶಿಕ್ಷೆ ಕೊಡೋದು ಕೋರ್ಟು, ಬಂದೂಕಲ್ಲ. ಮುಖ್ಯಮಂತ್ರಿ ಬಾಯಿಂದ ಬಂದ ಹಣ ಬಾಯಿಂದಲೇ ವಾಪಸ್ ಹೋಗಬಹುದು. ಕೋರ್ಟಿನ ಆದೇಶದ ಹಣ ಹಾಗೆ ಹೋಗಲ್ಲ.

ಈಗಿನ ದಾರಿಗೆ ಬರೋಣ. 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ ಕೇಸಿನಲ್ಲಿ ಎನ್‌ಕೌಂಟರ್ ಸಾವುಗಳ ಬಗ್ಗೆ 16 ಸೂಚನೆ ಕೊಟ್ಟಿದೆ. ಎಫ್‌ಐಆರ್ ಆಗಬೇಕು. ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಗುಂಡು ಹಾರಿಸಿದವರೇ ಅಲ್ಲ. ಪೊಲೀಸ್ ಗುಂಡಿನಿಂದ ಸಾವಾದ ಎಲ್ಲ ಪ್ರಕರಣದಲ್ಲೂ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಅನುಮಾನ ತೀರುವ ಮೊದಲು ಗುಂಡು ಹಾರಿಸಿದವರಿಗೆ ಶೌರ್ಯ ಪದಕ ಇಲ್ಲ, ಬಡ್ತಿ ಇಲ್ಲ. ಇದು ಯಾವುದೂ ಪಾಲನೆ ಆಗಿಲ್ಲ ಅಂತ ಮನೆಯವರಿಗೆ ಅನಿಸಿದರೆ ಆ ಭಾಗದ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು. ಈ ಕೊನೆಯ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಪರಿಹಾರಕ್ಕೆ ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್. ಬಾದಾಮಿ, ಇಳಕಲ್, ಹುನಗುಂದದವರು ಇದಕ್ಕಾಗಿ ಬೆಂಗಳೂರಿಗೆ ರಾತ್ರಿ ಬಸ್ ಹತ್ತಬೇಕಿಲ್ಲ. 2008ರ ಜುಲೈನಿಂದ ಧಾರವಾಡದಲ್ಲೇ ಪೀಠ ಇದೆ. ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ಅದು ದೂರು ಎತ್ತಿಕೊಳ್ಳಲ್ಲ, ಎತ್ತಿಕೊಂಡರೂ ಕೊನೆಗೆ ಕೊಡೋದು ಶಿಫಾರಸೇ. ತಿಥಿ, ಮಾಸಿಕ, ವರ್ಷಾಂತಿಕ ಮುಗಿಸಿ ಆಮೇಲೆ ನೋಡೋಣ ಅಂತ ಕೂತವರಿಗೆ ಆ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಅವರೇ ಕೊಡಬೇಕು.

ಗೋಲಿಬಾರ್ ಕೇಸು ನಿಲ್ಲೋದು, ಬೀಳೋದು ಮೊದಲ ಎರಡು ದಿನದ ಕಾಗದದ ಮೇಲೆ. ಚದುರಿ ಅಂತ ಆದೇಶ ಕೊಟ್ಟರಾ? ಕೊಟ್ಟವರು ಯಾರು? ಕಾನೂನಿನ ಪ್ರಕಾರ ಅದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ, ಇಲ್ಲವೇ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಲ್ಲದ ಅಧಿಕಾರಿ ಆಗಿರಬೇಕು. ಗುಂಡು ಬಿದ್ದದ್ದು ಎದೆಗೋ ಬೆನ್ನಿಗೋ? ಬೆನ್ನಿಗೆ ಬಿದ್ದಿದ್ದರೆ ‘ನಮ್ಮ ಮೇಲೆ ನುಗ್ಗಿ ಬಂದ’ ಅನ್ನೋ ಮಾತಿಗೆ ಉತ್ತರ ಮರಣೋತ್ತರ ಪರೀಕ್ಷೆಯ ವರದಿಯಲ್ಲೇ ಇರುತ್ತೆ. ಆ ವರದಿಯ ನಕಲು ಕೇಳಿ ಪಡೆಯಬೇಕು. ಮೊಬೈಲಿನ ವಿಡಿಯೋ ಗ್ರೂಪಿನಲ್ಲಿ ಹಂಚಿ ಅಳಿಸಿಬಿಡಬಾರದು, ಮೂಲ ಫೋನಿನಲ್ಲೇ ಉಳಿಸಬೇಕು. 1980ರಲ್ಲಿ ನರಗುಂದದ ರೈತನ ಕೈಯಲ್ಲಿ ಇಲ್ಲದ ಸಾಕ್ಷಿ ಇದು.

ಇನ್ನು ಉಳಿದದ್ದು ಆ ಹಳೆಯ ಕಂಬಳಿ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾಗಿದೆ. 129 ಹೋಗಿ 148 ಆಯ್ತು, 132 ಹೋಗಿ 151 ಆಯ್ತು, 197 ಹೋಗಿ 218 ಆಯ್ತು. ಹೊಸದರಲ್ಲಿ ಒಂದು ಒಳ್ಳೆಯದಿದೆ. 218ರ ಕೆಳಗೆ ಮಂಜೂರಾತಿ ಕೇಳಿದರೆ ಸರ್ಕಾರ 120 ದಿನದೊಳಗೆ ತೀರ್ಮಾನಿಸಬೇಕು, ಸುಮ್ಮನೆ ಕೂತರೆ ಮಂಜೂರಾದಂತೆ. ಫೈಲಿನ ಮೇಲೆ ಕೂರುವ ಆಟಕ್ಕೆ ಇದು ಕೊಕ್ಕೆ. ಆದರೆ ಗುಂಪು ಚದುರಿಸುವಾಗಿನ ಗುಂಡಿಗೆ ಅನ್ವಯಿಸುವ 151ರಲ್ಲಿ ಆ 120 ದಿನದ ಮಾತೇ ಇಲ್ಲ. ನರಗುಂದ, ಹಾವೇರಿ, ಮಂಗಳೂರು ಮೂರೂ ಬರೋದು ಅದೇ ಕಲಮಿನ ಕೆಳಗೆ. ಪ್ರತಿ ಜುಲೈ 21ಕ್ಕೆ ವೀರಗಲ್ಲಿನ ಮುಂದೆ ಭಾಷಣ ಮಾಡುವ ಸಂಸದರು ನಮ್ಮ ಕಡೆ ಕಡಿಮೆ ಏನಿಲ್ಲ. ಈ ಒಂದು ಸಾಲಿನ ತಿದ್ದುಪಡಿಯನ್ನು ದೆಹಲಿಯಲ್ಲಿ ಯಾವಾಗ ಕೇಳ್ತೀರಿ ಅಂತ ಮುಂದಿನ ಜುಲೈನಲ್ಲಿ ಯಾರಾದರೂ ರೈತರು ಅವರ ಮೈಕಿನ ಮುಂದೆಯೇ ಕೇಳಬೇಕು.